ಶೆಟ್ಟಿಹಳ್ಳಿ ಚರ್ಚು ಯಾಕೆ ಖಾಲಿಯಾಯಿತು? ‘ಸೆಕ್ಯುಲರ್’ ಎಂಬ ಪದವನ್ನು ಬಿಡಿಸಿ ನೋಡಿದರೆ

ಮಳೆ ಚೆನ್ನಾಗಿ ಹಿಡಿದ ವರ್ಷ ಶೆಟ್ಟಿಹಳ್ಳಿಯ ಚರ್ಚು ಅರ್ಧಕ್ಕರ್ಧ ನೀರಿನಲ್ಲಿರುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಬಿರುಕುಬಿಟ್ಟ ಕೆಸರು ನೆಲದ ಮೇಲೆ ಚಾವಣಿಯಿಲ್ಲದ ಕಮಾನುಗಳು ಕಾಣುತ್ತವೆ. ಹಾಸನದಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಭಾನುವಾರ ಬೆಳಿಗ್ಗೆ ಹೋದರೆ ಬೆಂಗಳೂರಿನ ಕಾರುಗಳು, ತಲೆಮೇಲೆ ಗುಂಯ್ ಎನ್ನುವ ಡ್ರೋನು, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬಂದ ಜೋಡಿಗಳು. ಅಲ್ಲೊಮ್ಮೆ ಕ್ಯಾಮೆರಾ ಹಿಡಿದ ಹುಡುಗನೊಬ್ಬ ನನ್ನನ್ನು ಕೇಳಿದ: “ಅಂಕಲ್, ಜನ ಪ್ರಾರ್ಥನೆ ಬಿಟ್ಟಿದ್ದಕ್ಕೆ ಈ ಚರ್ಚು ಹಿಂಗಾಯ್ತಾ? ಫಾರಿನ್ನಲ್ಲೂ ಎಲ್ಲಾ ಚರ್ಚು ಖಾಲಿಯಂತೆ.”

ಆಗಿದ್ದು ಹಾಗಲ್ಲ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಜಪಸರ ಮಾತೆಯ ಚರ್ಚು ಇದು. ಸುಮಾರು ನೂರು ವರ್ಷದ ಮೇಲೆ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟುವ ಯೋಜನೆ ಬಂತು. ಊರು ಮುಳುಗಡೆಯ ಪಟ್ಟಿಗೆ ಸೇರಿತು, ಜನ ಗಂಟುಮೂಟೆ ಕಟ್ಟಿದರು, 1979ರಲ್ಲಿ ಅಣೆಕಟ್ಟು ಮುಗಿಯಿತು. ಹೋದ ಕಡೆಯಲ್ಲೂ ಅವರು ಶಿಲುಬೆ ನೆಟ್ಟುಕೊಂಡರು, ಪೂಜೆ ನಡೆಸಿಕೊಂಡರು. ನಂಬಿಕೆ ಬತ್ತಿ ಖಾಲಿಯಾದ ಚರ್ಚಲ್ಲ ಇದು, ನೀರು ತುಂಬಿ ಖಾಲಿಯಾದದ್ದು. ಮುಳುಗಿಸಿದ್ದು ಸರ್ಕಾರ, ಅದೂ ಯಾವ ಧರ್ಮದ ಮೇಲಿನ ಸಿಟ್ಟಿನಿಂದಲ್ಲ. ಅದಕ್ಕೆ ಬೇಕಾಗಿದ್ದದ್ದು ಕಾಲುವೆಗೆ ನೀರು.

ಹುಡುಗನಿಗೆ ಇಷ್ಟು ಹೇಳಿ ಬಂದೆ. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಏಕೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ಚರ್ಚುಗಳಲ್ಲಿ ಏನೋ ಬದಲಾಗುತ್ತಿರುವುದು ನಿಜ. ಅದಕ್ಕೆ ನಾವು ಕೊಡುವ ಕಾರಣ ಮಾತ್ರ ಯುರೋಪಿನಿಂದ ಎರವಲು ತಂದದ್ದು.

ಮೊದಲು ಯುರೋಪಿನಲ್ಲಿ ಏನಾಗಿದೆ ನೋಡೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿಯಲ್ಲಿ ನೂರಕ್ಕೆ 59.3 ಮಂದಿ ತಮ್ಮನ್ನು ಕ್ರೈಸ್ತರೆಂದು ಬರೆಸಿದ್ದರು. 2021ರಲ್ಲಿ ಅದು 46.2ಕ್ಕೆ ಇಳಿಯಿತು, ‘ಯಾವ ಧರ್ಮವೂ ಇಲ್ಲ’ ಎಂದವರು 37.2. ಜರ್ಮನಿಯಲ್ಲಿ 2022ರ ಒಂದೇ ವರ್ಷದಲ್ಲಿ 5.22 ಲಕ್ಷ ಮಂದಿ ಕಥೋಲಿಕ ಚರ್ಚಿನಿಂದ ಅಧಿಕೃತವಾಗಿ ಹೊರಬಂದರು. ಅಲ್ಲಿ ‘ಹೊರಬರುವುದು’ ಎಂದರೆ ಕಾಗದದ ಕೆಲಸ. ಚರ್ಚಿನ ಸದಸ್ಯರಾದವರ ಆದಾಯ ತೆರಿಗೆಯ ಮೇಲೆ ನೂರಕ್ಕೆ ಎಂಟೋ ಒಂಬತ್ತೋ ಪಾಲು ಚರ್ಚು ತೆರಿಗೆ ಬೀಳುತ್ತದೆ. ಬೇಡವೆಂದರೆ ಸರ್ಕಾರಿ ಕಚೇರಿಗೆ ಹೋಗಿ ಸಹಿ ಹಾಕಬೇಕು. ಹಾಗಾಗಿ ಎಷ್ಟು ಜನ ಬಿಟ್ಟರೆಂಬ ಲೆಕ್ಕ ಪಕ್ಕಾ ಸಿಗುತ್ತದೆ. ನಮ್ಮಲ್ಲಿ ಅಂಥ ಕಚೇರಿಯೇ ಇಲ್ಲ. ಹದಿನೈದು ವರ್ಷ ಪೂಜೆಗೆ ಬರದವನ ಹೆಸರೂ ಧರ್ಮಕೇಂದ್ರದ, ಅಂದರೆ ಊರ ಚರ್ಚಿನ, ಪುಸ್ತಕದಲ್ಲಿ ಹಾಗೆಯೇ ಇರುತ್ತದೆ.

ಈಗ ಪದಕ್ಕೆ ಬರೋಣ. ‘ಸೆಕ್ಯುಲರ್’ ಎಂದು ಬಾಯಿಬಿಟ್ಟರೆ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುರುಕುತ್ತೇವೆ. ಸರ್ಕಾರ ಯಾವ ಧರ್ಮದ ಪಕ್ಷವನ್ನೂ ಹಿಡಿಯದಿರುವುದು ಒಂದು. ಜನ ದೇವರನ್ನು ನಂಬುವುದನ್ನು, ಆರಾಧನೆಗೆ ಹೋಗುವುದನ್ನು ಬಿಡುವುದು ಇನ್ನೊಂದು. ಮೂರನೆಯದು ಸೂಕ್ಷ್ಮ: ನಂಬಿಕೆ ಎಂಬುದು ಹುಟ್ಟಿನಿಂದ ಮೈಗಂಟಿದ ಸಂಗತಿಯಾಗಿ ಉಳಿಯದೆ, ಹತ್ತು ದಾರಿಗಳಲ್ಲಿ ಒಂದಾಗಿ, ದಿನವೂ ಆರಿಸಿಕೊಳ್ಳಬೇಕಾದ ಸಂಗತಿಯಾಗುವುದು. ಈ ಮೂರೂ ಒಟ್ಟಿಗೆ ಬರಬೇಕೆಂಬ ನಿಯಮವಿಲ್ಲ. ಇಂಗ್ಲೆಂಡಿನ ರಾಜ ಇವತ್ತಿಗೂ ಅಲ್ಲಿನ ಚರ್ಚಿನ ಮುಖ್ಯಸ್ಥ, ಆದರೆ ಚರ್ಚಿನ ಬೆಂಚುಗಳು ಖಾಲಿ. ಭಾರತದಲ್ಲಿ ಸರ್ಕಾರಕ್ಕೆ ಧರ್ಮವಿಲ್ಲ, ಆದರೆ ಬೀದಿಗೊಂದು ದೇವರಿದೆ.

ಪದದ ಹುಟ್ಟು ಇನ್ನೂ ಸ್ವಾರಸ್ಯ. ಲ್ಯಾಟಿನ್ನಿನ ‘ಸೆಕ್ಯುಲುಂ’ ಎಂದರೆ ಯುಗ, ಕಾಲ. ಅಲ್ಲಿಂದ ‘ಈ ಲೋಕ’ ಎಂಬ ಅರ್ಥ ಬಂತು. ಚರ್ಚಿನೊಳಗೇ ಈ ಪದ ಶತಮಾನಗಳಿಂದ ಬಳಕೆಯಲ್ಲಿದೆ. ಮಠದ ಗೋಡೆಯೊಳಗೆ ಸಂಘದ ವ್ರತಕ್ಕೆ ಕಟ್ಟುಬಿದ್ದು ಬಾಳುವ ಸನ್ಯಾಸಿ ಪಾದ್ರಿ ಒಂದು ಬಗೆ. ಊರ ಜನರ ನಡುವೆ ಇದ್ದು ಹುಟ್ಟು ಸಾವು ಮದುವೆ ನೋಡಿಕೊಳ್ಳುವ ಪಾದ್ರಿ ಇನ್ನೊಂದು ಬಗೆ. ಈ ಎರಡನೆಯವನ ಹೆಸರೇ ‘ಸೆಕ್ಯುಲರ್ ಪಾದ್ರಿ’. ಚಿಕ್ಕಮಗಳೂರು ಧರ್ಮಕ್ಷೇತ್ರದ, ಅಂದರೆ ಇಲ್ಲಿನ ಬಿಷಪ್ಪರ ಸೀಮೆಯ, ಗುರುಗಳು ಬಹುಪಾಲು ಆ ಅರ್ಥದಲ್ಲಿ ಸೆಕ್ಯುಲರ್‌ಗಳೇ. ಟೀವಿ ಚರ್ಚೆಯಲ್ಲಿ ಈ ಪದವನ್ನು ಬೈಗುಳದ ಹಾಗೆ ಬಳಸುವವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

‘ಸೆಕ್ಯುಲರಿಸಂ’ ಎಂಬ ವಾದದ ಹೆಸರನ್ನು 1851ರಲ್ಲಿ ಚಲಾವಣೆಗೆ ತಂದವನು ಇಂಗ್ಲೆಂಡಿನ ಜಾರ್ಜ್ ಜೇಕಬ್ ಹೋಲಿಯೋಕ್. ನಮ್ಮ ಸಂವಿಧಾನದ ಪೀಠಿಕೆಗೆ ‘ಸೆಕ್ಯುಲರ್’ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಕನ್ನಡದಲ್ಲಿ ಅದು ‘ಜಾತ್ಯತೀತ’ ಆಯಿತು, ‘ಧರ್ಮನಿರಪೇಕ್ಷ’ವೂ ಆಯಿತು. ಹಾಸನದವರಿಗೆ ‘ಜಾತ್ಯತೀತ’ ಎಂದ ಕೂಡಲೆ ನೆನಪಾಗುವುದು ಪೀಠಿಕೆಯಲ್ಲ, ತೆನೆ ಹೊತ್ತ ಮಹಿಳೆ. ಒಂದು ಪಕ್ಷದ ಹೆಸರಿನ ಬಾಲಂಗೋಚಿಯಾದ ಪದದಿಂದ ತತ್ತ್ವ ತಿಳಿಯಬೇಕಾದ ಪರಿಸ್ಥಿತಿ ನಮ್ಮದು. ಜಾತಿಯೇ ಬೇರೆ, ಧರ್ಮವೇ ಬೇರೆ ಎಂಬ ತಕರಾರು ಅದರ ಮೇಲೆ.

ಇನ್ನು ನಮ್ಮ ಜಿಲ್ಲೆಯ ಕ್ರೈಸ್ತರ ಕಥೆಗೆ ಬಂದರೆ, ಅದರ ಬುಡದಲ್ಲಿ ಕೂತಿರುವುದು ಫ್ರೆಂಚ್ ಕ್ರಾಂತಿ. 1789ರಲ್ಲಿ ಕ್ರಾಂತಿ ಸರ್ಕಾರ ಚರ್ಚಿನ ಆಸ್ತಿಯನ್ನೆಲ್ಲ ರಾಷ್ಟ್ರದ ಆಸ್ತಿ ಎಂದು ಸಾರಿತು. ಮುಂದೆ ಪಾದ್ರಿಗಳು ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಕಾನೂನು ತಂದಿತು. ಒಪ್ಪದವರು ಓಡಿದರು, ಸೆರೆಸಿಕ್ಕರು, ಸತ್ತರು. ಆ ಗದ್ದಲದ ನಡುವೆ 1792ರಲ್ಲಿ ದೀಕ್ಷೆ ಪಡೆದು ಅದೇ ವರ್ಷ ಭಾರತದ ಹಡಗು ಹತ್ತಿದವನು ಜೀನ್ ಆಂಟೊಯಿನ್ ದುಬಾಯ್. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಪಾದ್ರಿ, ಆ ಸಂಘವೇ ‘ಸೆಕ್ಯುಲರ್’ ಪಾದ್ರಿಗಳದ್ದು. ಟಿಪ್ಪು ಮಡಿದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಮೈಸೂರು ಸೀಮೆಗೆ ಬಂದ. ನಮ್ಮವರ ಹಾಗೆ ಬಟ್ಟೆ ತೊಟ್ಟ, ಮಾಂಸ ಬಿಟ್ಟ, ಜನರ ಬಾಯಲ್ಲಿ ‘ದೊಡ್ಡ ಸ್ವಾಮಿ’ ಆದ. ಹಾಸನದ ಹತ್ತಿರ, ಇಂಗ್ಲಿಷ್ ದಾಖಲೆಗಳಲ್ಲಿ ಸಾತಳ್ಳಿ ಎಂದು ಬರುವ ಊರಿನಲ್ಲಿ, ಕ್ರೈಸ್ತ ಬೇಸಾಯಗಾರರ ನೆಲೆ ಮಾಡಿದ. 1803-04ರಲ್ಲಿ ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೆ ನಿಂತು 25 ಸಾವಿರಕ್ಕೂ ಹೆಚ್ಚು ಮಂದಿಗೆ ಚುಚ್ಚಿಸಿದ ಲೆಕ್ಕವಿದೆ.

ಅಂದರೆ ಚರ್ಚಿನ ಕೈಯಿಂದ ಅಧಿಕಾರ ಕಿತ್ತುಕೊಂಡ ಕ್ರಾಂತಿಯ ಹೊಡೆತಕ್ಕೆ ಸಿಡಿದ ಒಂದು ಕಿಡಿ ಹಾಸನದ ಹೊಲದಲ್ಲಿ ಬಿತ್ತು. ಅಲ್ಲಿ ಅವನ ಬೆನ್ನಿಗೆ ಕ್ರೈಸ್ತ ರಾಜನಿರಲಿಲ್ಲ, ಚರ್ಚು ತೆರಿಗೆಯಿರಲಿಲ್ಲ, ಸುತ್ತಲಿನವರೆಲ್ಲ ಕ್ರೈಸ್ತರಾಗಿರಲಿಲ್ಲ. ಇದ್ದದ್ದು ರಾಗಿ ಹೊಲ ಮತ್ತು ಸಿಡುಬು. ಇಪ್ಪತ್ತಕ್ಕೂ ಹೆಚ್ಚು ವರ್ಷ ಇಲ್ಲಿ ದುಡಿದ ಮೇಲೆ 1823ರಲ್ಲಿ ಊರಿಗೆ ಮರಳಿದವನು, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಈಗಿನ ಸ್ಥಿತಿಯಲ್ಲಿ ಆಗದ ಮಾತು ಎಂದು ಬರೆದು ಪ್ರಕಟಿಸಿದ. ಮಿಷನರಿ ವಲಯದಲ್ಲಿ ಅದು ದೊಡ್ಡ ಜಗಳವೇ ಆಯಿತು.

ಶೆಟ್ಟಿಹಳ್ಳಿಯ ಚರ್ಚು ಎದ್ದದ್ದು 1860ರ ದಶಕದಲ್ಲಿ ಎಂದೆನಲ್ಲ, ಅದೇ ದಶಕದಲ್ಲಿ, 1864ರಲ್ಲಿ, ಒಂಬತ್ತನೇ ಪಯಸ್ ಪೋಪ್ ತನ್ನ ಕಾಲದ ತಪ್ಪು ವಾದಗಳ ಪಟ್ಟಿಯೊಂದನ್ನು ಹೊರಡಿಸಿದ. ಚರ್ಚನ್ನೂ ರಾಜ್ಯವನ್ನೂ ಬೇರ್ಪಡಿಸಬೇಕೆಂಬ ವಾದ ಆ ಪಟ್ಟಿಯಲ್ಲಿತ್ತು. ರೋಮಿನಲ್ಲಿ ಬೇರ್ಪಡಿಕೆಯನ್ನು ಪಾಪ ಎನ್ನುತ್ತಿದ್ದಾಗ ಹೇಮಾವತಿಯ ದಂಡೆಯಲ್ಲಿ ಬೇರ್ಪಡಿಕೆ ಹುಟ್ಟಿನಿಂದಲೇ ಇತ್ತು. ಮೈಸೂರು ಆಗ ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿತ್ತು. ಅದರಿಂದ ಪಾದ್ರಿಗಳಿಗೆ ಅನುಕೂಲ ಆಗಲೇ ಇಲ್ಲ ಎನ್ನುವುದು ಸುಳ್ಳಾದೀತು. ಆದರೆ ಫ್ರೆಂಚ್ ಕಥೋಲಿಕ ಪಾದ್ರಿಗೂ ಪ್ರಾಟೆಸ್ಟೆಂಟ್ ಇಂಗ್ಲಿಷ್ ದೊರೆಗೂ ಅಂಥ ಮಾಮಾ-ಭಾವ ಸಂಬಂಧವೇನೂ ಇರಲಿಲ್ಲ. ಜಗತ್ತಿನ ಕಥೋಲಿಕ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯವನ್ನು ಪ್ರತಿಯೊಬ್ಬ ಮನುಷ್ಯನ ಹಕ್ಕು ಎಂದು ಒಪ್ಪಿಕೊಂಡಾಗ ಯುರೋಪಿನ ಎಷ್ಟೋ ಮಂದಿಗೆ ಅದು ಭೂಕಂಪ. ನಮ್ಮ ಹಳ್ಳಿಯವರಿಗೆ ತಟ್ಟಿದ ಬದಲಾವಣೆ ಬೇರೆ: ಲ್ಯಾಟಿನ್ ಹೋಗಿ ಪೂಜೆ ಕನ್ನಡಕ್ಕೆ ಬಂತು. ಅದಕ್ಕೆ ದಾರಿ ತೆರೆದ ಮಹಾಸಭೆಯ ದಸ್ತಾವೇಜು ಹೊರಬಿದ್ದದ್ದು 1963ರ ಡಿಸೆಂಬರಿನಲ್ಲಿ. ಮೈಸೂರಿನಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಕ್ಷೇತ್ರ ಆದದ್ದು ಅದೇ ವರ್ಷದ ನವೆಂಬರಿನಲ್ಲಿ. ಇಂದು ಹಾಸನವೂ ಅದರೊಳಗೇ. ಇಲ್ಲಿನ ಧರ್ಮಕ್ಷೇತ್ರಕ್ಕೂ ಕನ್ನಡ ಪೂಜೆಗೂ ಹೆಚ್ಚು ಕಡಿಮೆ ಒಂದೇ ವಯಸ್ಸು.

ಕಿರೀಟ ಇದ್ದವರಿಗೆ ಕಿರೀಟ ಕಳೆದುಕೊಂಡ ದುಃಖ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು 11.4 ಲಕ್ಷ, ನೂರಕ್ಕೆ 1.87. ನಮಗೆ ಕಳೆದುಕೊಳ್ಳಲು ಕಿರೀಟವಿರಲಿಲ್ಲ.

ಸಮಾಜಶಾಸ್ತ್ರಜ್ಞರೂ ಈ ವಿಷಯದಲ್ಲಿ ಎಡವಿದ್ದಾರೆ. ಅಮೆರಿಕದ ಪೀಟರ್ ಬರ್ಗರ್ 1968ರಲ್ಲಿ, ಇಪ್ಪತ್ತೊಂದನೇ ಶತಮಾನಕ್ಕೆ ನಂಬಿಕಸ್ತರು ಸಣ್ಣ ಸಣ್ಣ ಪಂಗಡಗಳಾಗಿ ಮುದುಡಿ ಉಳಿಯುತ್ತಾರೆ ಎಂದು ಹೇಳಿದ್ದರು. ಓದು, ಕಾರ್ಖಾನೆ, ನಗರ ಬಂದರೆ ದೇವರು ಹೊರಡುತ್ತಾನೆ ಎಂಬುದು ಆಗಿನ ತರ್ಕ. ಮೂವತ್ತು ವರ್ಷದ ನಂತರ ಅವರೇ ತಮ್ಮ ಮಾತು ಹಿಂತೆಗೆದುಕೊಂಡರು. ಭಾರತದ ಮಟ್ಟಿಗಂತೂ ಆ ತರ್ಕ ಕಾಲೂರಲೇ ಇಲ್ಲ. ಪ್ಯೂ ಸಂಶೋಧನಾ ಸಂಸ್ಥೆ 2019-20ರಲ್ಲಿ ಸುಮಾರು 30 ಸಾವಿರ ಭಾರತೀಯರನ್ನು ಮಾತಾಡಿಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೂರಕ್ಕೆ 97 ಮಂದಿ ದೇವರನ್ನು ನಂಬುತ್ತೇವೆ ಎಂದಿದ್ದಾರೆ. ಅದರಲ್ಲೇ ಇನ್ನೊಂದು ಅಂಕಿ ನನಗೆ ಇಷ್ಟ: ಭಾರತದ ಕ್ರೈಸ್ತರಲ್ಲಿ ನೂರಕ್ಕೆ 54 ಮಂದಿ ಕರ್ಮವನ್ನು ನಂಬುತ್ತಾರೆ. ಧರ್ಮೋಪದೇಶದ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ‘ಎಲ್ಲಾ ಅವನ ಕರ್ಮ’ ಎಂದು ಜಪಸರ ಹಿಡಿದೇ ನಿಟ್ಟುಸಿರು ಬಿಡುವ ಅಜ್ಜಿಯರನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾದರೆ ಇಲ್ಲಿ ಬದಲಾಗುತ್ತಿರುವುದೇನು? ನನ್ನ ಉತ್ತರ: ನಂಬಿಕೆಯಲ್ಲ, ದೂರ.

ಮಲೆನಾಡಿನ ಕ್ರೈಸ್ತ ಬದುಕು ಒಂದು ಜಾಗಕ್ಕೆ, ಒಂದು ಋತುಮಾನಕ್ಕೆ ಕಟ್ಟುಬಿದ್ದದ್ದು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕುಟುಂಬಗಳು, ಕಾಫಿ ಎಸ್ಟೇಟಿನ ಲೈನುಗಳಲ್ಲಿ ನೆಲೆಸಿದ ತಮಿಳು ಮಾತಿನವರು, ಬಯಲುಸೀಮೆಯ ಕನ್ನಡ ಒಕ್ಕಲು ಮಕ್ಕಳು, ಎಲ್ಲರನ್ನೂ ಒಂದೇ ಗಂಟೆ ಕರೆಯುತ್ತಿತ್ತು. ಸೆಪ್ಟೆಂಬರ್ 8ರ ತೆನೆಹಬ್ಬವನ್ನೇ ತೆಗೆದುಕೊಳ್ಳಿ. ಕೊಂಕಣಿಯವರಿಗೆ ಅದು ಮೊಂತಿ ಫೆಸ್ತ್, ಕನ್ಯಾಮರಿಯಮ್ಮನ ಜನ್ಮದಿನ. ಮಕ್ಕಳು ಒಂಬತ್ತು ದಿನ ಹೂವು ತರುತ್ತಾರೆ. ಹೊಸ ಭತ್ತದ ತೆನೆಯನ್ನು ಗುರುಗಳು ಆಶೀರ್ವದಿಸುತ್ತಾರೆ. ಆ ತೆನೆಯ ಅಕ್ಕಿಯನ್ನು ಪಾಯಸಕ್ಕೋ ಹಾಲಿಗೋ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ತಿನ್ನುತ್ತಾರೆ. ಗದ್ದೆಯಿದ್ದವನಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಈಗ ಅದೇ ಮನೆಯ ಹುಡುಗಿ ವೈಟ್‌ಫೀಲ್ಡಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದಾಳೆ. ಸೆಪ್ಟೆಂಬರ್ 8 ಮಂಗಳವಾರ ಬಿದ್ದರೆ ರಜೆಯಿಲ್ಲ. ಅಮ್ಮ ವಾಟ್ಸ್ಯಾಪಿನಲ್ಲಿ ತೆನೆಯ ಫೋಟೋ ಕಳಿಸುತ್ತಾಳೆ, ಇವಳು ಕೈಮುಗಿದ ಚಿತ್ರ ಒತ್ತುತ್ತಾಳೆ. ಇವಳು ನಂಬಿಕೆ ಬಿಟ್ಟವಳೇ? ಅಲ್ಲ. ನಂಬಿಕೆಯನ್ನು ಹೊತ್ತುಕೊಂಡಿದ್ದ ಗದ್ದೆ, ಬೀದಿ, ಅಡುಗೆಮನೆ ಇವಳ ಜೊತೆ ಬಸ್ಸು ಹತ್ತಲಿಲ್ಲ, ಅಷ್ಟೇ.

ನಗರದಲ್ಲಿ ಚರ್ಚುಗಳಿಲ್ಲವೇ ಎಂದು ಕೇಳಬಹುದು. ಬೇಕಾದಷ್ಟಿವೆ. ಅಲ್ಲಿ ಮೊದಲ ಪ್ರಶ್ನೆ: ಯಾವ ಭಾಷೆಯ ಪೂಜೆಗೆ ಹೋಗುವುದು? ಕನ್ನಡದ ಪೂಜೆ ಬೆಳಗಿನ ಜಾವಕ್ಕೋ ಊರಾಚೆಗೋ ಇರುತ್ತದೆ, ಇಂಗ್ಲಿಷಿನದು ಅನುಕೂಲದ ಹೊತ್ತಿಗೆ. ಇಂಗ್ಲಿಷಿನಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಿದರೆ ದೇವರಿಗೆ ಕೇಳಿಸುತ್ತದೆ, ಹೇಳಿದವನಿಗೆ ಕೇಳಿಸುವುದಿಲ್ಲ ಎಂದು ನನ್ನ ಸೋದರಮಾವ ತಮಾಷೆ ಮಾಡುತ್ತಿದ್ದರು. ಊರಿನಲ್ಲಿ ಒಂದು ವಾರ ತಪ್ಪಿಸಿದರೆ ಪೇಟೆಯಲ್ಲಿ ಮೂರು ಜನ ಕೇಳುತ್ತಾರೆ. ನಗರದಲ್ಲಿ ಒಂದು ವರ್ಷ ತಪ್ಪಿಸಿದರೂ ಕೇಳುವವರಿಲ್ಲ. ನಾನು ಹೇಳಿದ ಮೂರನೇ ಅರ್ಥ ಒಬ್ಬ ಮನುಷ್ಯನ ಬದುಕಿನೊಳಗೆ ಬರುವುದು ಹೀಗೆ. ನಾಸ್ತಿಕರ ಪುಸ್ತಕ ಓದಿ ಅಲ್ಲ, ಭಾನುವಾರ ಎದ್ದು ಹೋಗುವುದೋ ಬೇಡವೋ ಎಂಬುದು ಮೊದಲ ಬಾರಿಗೆ ತನ್ನೊಬ್ಬನ ತೀರ್ಮಾನವಾದಾಗ.

ಇತ್ತ ಊರಿನಲ್ಲಿ ಚರ್ಚಿನ ಕೈಯಲ್ಲಿದ್ದ ಕೆಲಸಗಳು ಒಂದೊಂದಾಗಿ ಬೇರೆಯವರ ಕೈಗೆ ಹೋದವು. ಯಾರು ಎಂದು ಹುಟ್ಟಿದರು, ಯಾರು ಯಾವ ಜ್ವರಕ್ಕೆ ಸತ್ತರು ಎಂಬುದನ್ನು ಒಂದು ಕಾಲಕ್ಕೆ ಪಾದ್ರಿಯ ಪುಸ್ತಕದಲ್ಲಿ ಹುಡುಕಬೇಕಿತ್ತು. 1969ರ ಜನನ-ಮರಣ ನೋಂದಣಿ ಕಾಯ್ದೆಯ ನಂತರ ಅದು ಸರ್ಕಾರದ ಕೆಲಸವಾಯಿತು. ಹಾಸನದಲ್ಲಿ ಪ್ರಾಟೆಸ್ಟೆಂಟ್ ಮಿಷನ್ನಿನವರು ಕಟ್ಟಿದ ರೆಡ್‌ಫರ್ನ್ ಆಸ್ಪತ್ರೆಯನ್ನು ಈಗ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ನೋಡಿಕೊಳ್ಳುತ್ತದೆ. ಜಿಲ್ಲೆಯ ಎಷ್ಟೋ ಮಂದಿಗೆ ಅದು ಹೆರಿಗೆಯ ಜಾಗವಾಗಿ ಗೊತ್ತೇ ಹೊರತು ಸಭೆಯ ಜಾಗವಾಗಿ ಅಲ್ಲ.

ಆದರೆ ಇದಕ್ಕೆಲ್ಲ ಒಳ್ಳೆಯ ಸಾಕ್ಷಿ ಒಂದೇ ಪದ: ‘ಕಾನ್ವೆಂಟು’. ಮೂಲದಲ್ಲಿ ಕನ್ಯಾಸ್ತ್ರೀಯರ ಮಠ. ಅವರು ನಡೆಸಿದ ಶಾಲೆಗೆ ಆ ಹೆಸರು ಬಂತು. ಈಗ ಹಾಸನ, ಚಿಕ್ಕಮಗಳೂರಿನಲ್ಲಿ ಇಂಗ್ಲಿಷ್ ಕಲಿಸುವ ಯಾವ ಖಾಸಗಿ ಶಾಲೆಯೂ ಜನರ ಬಾಯಲ್ಲಿ ಕಾನ್ವೆಂಟೇ. ಗೇಟಿನ ಮೇಲೆ ಗಣಪತಿ ಕೂತಿರಬಹುದು, ಒಳಗೆ ಒಬ್ಬ ಸಿಸ್ಟರೂ ಇಲ್ಲದಿರಬಹುದು, “ಮಗು ಕಾನ್ವೆಂಟಿಗೆ ಹೋಗ್ತಿದೆ.” ಸಮಾಜಶಾಸ್ತ್ರದ ಪುಸ್ತಕ ‘ಸೆಕ್ಯುಲರೀಕರಣ’ ಎಂದು ಇಪ್ಪತ್ತು ಪುಟ ಬರೆಯುವುದನ್ನು ನಮ್ಮ ಭಾಷೆ ಒಂದೇ ಪದದಲ್ಲಿ ಮುಗಿಸಿದೆ. ಚರ್ಚು ತಂದ ವಸ್ತು ಎಲ್ಲರದೂ ಆಯಿತು, ಚರ್ಚಿನ ಗುರುತು ಮಾತ್ರ ಉದುರಿತು. ಇದಕ್ಕೆ ಅಳಬೇಕೋ ಹಿಗ್ಗಬೇಕೋ ಎಂದು ಪಾದ್ರಿಗಳಲ್ಲೇ ಎರಡು ಅಭಿಪ್ರಾಯ.

ಸರ್ಕಾರ ಧರ್ಮದಿಂದ ದೂರ ನಿಲ್ಲುತ್ತದೆ ಎಂದರೂ ಕೆಲವು ಕಡೆ ತೀರ ಹತ್ತಿರ ಬಂದು ನಿಲ್ಲುತ್ತದೆ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು, ಧರ್ಮವನ್ನು ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನು ಕೊಡುತ್ತದೆ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ನಿಯಂತ್ರಣದ ಕಾನೂನು ಬಂತು, 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಹಳೆಯ ಕಥೋಲಿಕ ಮನೆಗಳಿಗೆ ಇದು ಪತ್ರಿಕೆಯ ಸುದ್ದಿ. ಬಾಡಿಗೆ ಹಾಲಿನಲ್ಲಿ, ತಗಡಿನ ಶೆಡ್ಡಿನಲ್ಲಿ ಸೇರುವ ಸಣ್ಣ ಪ್ರಾರ್ಥನಾ ಗುಂಪುಗಳಿಗೆ ಅದು ಬಾಗಿಲು ಬಡಿಯುವ ಸದ್ದು. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಜೊತೆಗೆ ಚಿಕ್ಕಮಗಳೂರು ಕಡೆಯೂ ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿ ಆದದ್ದನ್ನು ಅವರು ಮರೆತಿಲ್ಲ. ಸ್ವತಃ ಆರಿಸಿಕೊಂಡ ನಂಬಿಕೆ ಎಂದು ಮೇಲೆ ಹೇಳಿದೆನಲ್ಲ, ಅದರ ಬಿಸಿ ನಿಜವಾಗಿ ಇರುವುದು ಈ ಗುಂಪುಗಳಲ್ಲೇ. ಹಳೆಯ ಚರ್ಚಿನ ಮೂರನೇ ಸಾಲಿನಲ್ಲಿ ತೂಕಡಿಸುತ್ತಿದ್ದವನೇ ಅಲ್ಲಿ ಹೋಗಿ ಎರಡು ಗಂಟೆ ನಿಂತು ಹಾಡುವುದುಂಟು. ಯುರೋಪಿನ ಕಥೆಯನ್ನು ಮಾತ್ರ ಓದಿಕೊಂಡವರಿಗೆ ಇದು ಲೆಕ್ಕಕ್ಕೇ ಸಿಗುವುದಿಲ್ಲ.

ಇನ್ನೊಂದು ಅರ್ಜಿ ನಮೂನೆಯ ಸಂಗತಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೆ ಮಾತ್ರ ಇತ್ತು. ಮುಂದೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರಾದ ದಲಿತರು ಸೇರಿಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವರು ಪ್ರವರ್ಗ-1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ. ಕೇರಿಯಲ್ಲಿ ಮನೆ ಬದಲಾಗಿಲ್ಲ, ಕೂಲಿ ಬದಲಾಗಿಲ್ಲ, ನೋಡುವ ಕಣ್ಣೂ ಬದಲಾಗಿಲ್ಲ, ಕಾಲಂ ಬದಲಾಯಿತು. ಹಾಗಾಗಿ ಭಾನುವಾರ ಒಂದು ಹೆಸರು, ತಾಲ್ಲೂಕು ಕಚೇರಿಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬಾಳುವವರಿದ್ದಾರೆ. ಅವರನ್ನು ಜನಗಣತಿ ಯಾವ ಖಾನೆಗೆ ಹಾಕಿದರೂ ಅರ್ಧ ಸುಳ್ಳೇ. ಇದಕ್ಕೆ ಉಲ್ಟಾ ಇನ್ನೊಂದು ಬಗೆಯವರಿದ್ದಾರೆ: ವರ್ಷಗಟ್ಟಲೆ ಮುಖ ತೋರಿಸದೆ, ಮಗುವಿಗೆ ಅಲ್ಪಸಂಖ್ಯಾತ ಕೋಟಾದಲ್ಲಿ ಸೀಟು ಬೇಕಾದಾಗ ಜ್ಞಾನಸ್ನಾನದ (ಬ್ಯಾಪ್ಟಿಸಂನ) ಪತ್ರಕ್ಕೆ ಓಡಿಬರುವವರು. ಗುರುಗಳು ಗೊಣಗುತ್ತಾರೆ, ಕೊಡುತ್ತಾರೆ.

ಮದುವೆಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ತಪ್ಪು ತಿಳಿವಳಿಕೆ ಬಹಳ. ಕಥೋಲಿಕರು ಬೇರೆ ಧರ್ಮದವರನ್ನು ಚರ್ಚಿನಲ್ಲಿ ಮದುವೆಯಾಗಲು ಆ ಇನ್ನೊಬ್ಬರು ಮತಾಂತರ ಆಗಲೇಬೇಕು ಎಂದೇನಿಲ್ಲ. ಕಥೋಲಿಕ ಚರ್ಚಿನ ಕಾನೂನಾದ 1983ರ ಧರ್ಮಸಂಹಿತೆಯ ಪ್ರಕಾರ ಧರ್ಮಾಧ್ಯಕ್ಷರಿಂದ, ಅಂದರೆ ಬಿಷಪ್ಪರಿಂದ, ವಿಶೇಷ ಅನುಮತಿ ಪಡೆದರೆ ಆಗುತ್ತದೆ. ಕಥೋಲಿಕ ವ್ಯಕ್ತಿ ತನ್ನ ನಂಬಿಕೆ ಉಳಿಸಿಕೊಳ್ಳುವುದಾಗಿ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಲು ಕೈಲಾದಷ್ಟು ಪ್ರಯತ್ನಿಸುವುದಾಗಿ ಮಾತು ಕೊಡಬೇಕು. ಇನ್ನೊಬ್ಬರಿಗೆ ಆ ಮಾತು ತಿಳಿದಿರಬೇಕು. ‘ಕೈಲಾದಷ್ಟು’ ಎಂಬ ಪದದಲ್ಲಿ ಎಷ್ಟು ಸಂಸಾರಗಳು ಬದುಕುತ್ತಿವೆಯೋ! ಬೇಡವೆಂದವರಿಗೆ 1954ರ ವಿಶೇಷ ವಿವಾಹ ಕಾಯ್ದೆಯಿದೆ, ಉಪನೋಂದಣಾಧಿಕಾರಿಯ ಕಚೇರಿಯಿದೆ.

ಇಷ್ಟೆಲ್ಲ ಹೇಳಿದರೂ ಈ ಸೀಮೆಯ ಇನ್ನೊಂದು ಗುಣ ಬಿಟ್ಟರೆ ಚಿತ್ರ ಪೂರ್ತಿಯಾಗದು. ಫ್ರಾನ್ಸಿನ ಮಾದರಿಯಲ್ಲಿ ಸೆಕ್ಯುಲರ್ ಎಂದರೆ ಗೋಡೆ: 1905ರ ಕಾನೂನು ಚರ್ಚನ್ನು ಆಚೆ, ಸರ್ಕಾರವನ್ನು ಈಚೆ ನಿಲ್ಲಿಸಿತು. ನಮ್ಮಲ್ಲಿ ಅದು ಗೋಡೆಗಿಂತ ಹೆಚ್ಚಾಗಿ ಹೊಸ್ತಿಲು. ಬೇಲೂರಿನ ಚನ್ನಕೇಶವನ ರಥ ಹೊರಡುವ ಮುಂಚೆ ಕುರಾನಿನ ಸಾಲು ಓದುವ ಸಂಪ್ರದಾಯವಿದೆ. ಬಾಬಾಬುಡನ್‌ಗಿರಿಯ ಗುಹೆಯ ಮುಂದೆ ದತ್ತಾತ್ರೇಯ ಎನ್ನುವ ಭಕ್ತರೂ ಬಾಬಾ ಎನ್ನುವ ಭಕ್ತರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಈ ಎರಡರ ಮೇಲೂ ಜಗಳಗಳಾಗಿವೆ. ಆದರೆ ಜಗಳ ಆಗುವುದು ಹಂಚಿಕೊಂಡದ್ದರ ಮೇಲೆಯೇ ಅಲ್ಲವೇ? ಚರ್ಚಿನ ಮಟ್ಟಿಗೆ ಮಂಗಳವಾರ ಸಂತ ಅಂತೋಣಿಯ ಮುಂದೆ ಮೇಣದಬತ್ತಿ ಹಚ್ಚುವವರನ್ನು ನೋಡಬೇಕು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬತ್ತಿ, ಮನಸ್ಸಿನಲ್ಲಿ ಕಳೆದುಹೋದ ಓಲೆಯೋ ಸಿಗದ ಕೆಲಸವೋ. ಡಿಸೆಂಬರಿನಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳನ್ನು, ನೋಡಲು ಬರುವ ಮಕ್ಕಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಭಾನುವಾರದ ಹಾಜರಿ ಪುಸ್ತಕ ಇಟ್ಟರೆ ಇವರಾರೂ ಅದರಲ್ಲಿ ಬರುವುದಿಲ್ಲ.

ಹಾಜರಿಯ ಮಾತೆತ್ತಿದ್ದಕ್ಕೆ ಕೊನೆಯದಾಗಿ ಇನ್ನೊಂದು ಪುಸ್ತಕದ ಮಾತು. ನಮ್ಮ ಕಡೆ ಒಬ್ಬ ಮನುಷ್ಯ ಚರ್ಚಿಗೆ ಸೇರಿದವನೋ ಅಲ್ಲವೋ ಎಂದು ನಿಜವಾಗಿ ತೋರಿಸುವುದು ಚಂದಾ ರಸೀದಿ. ತಿಂಗಳಿಗಿಷ್ಟು, ವರ್ಷಕ್ಕಿಷ್ಟು ಎಂದು ಕುಟುಂಬಕ್ಕೊಂದು ಲೆಕ್ಕ. ದೇವರ ಬಗ್ಗೆ ಏನೇ ಅನುಮಾನವಿದ್ದರೂ ಚಂದಾ ನಿಲ್ಲಿಸಲು ಜನ ಹಿಂದೆಮುಂದೆ ನೋಡುತ್ತಾರೆ. ಕಾರಣ ಸರಳ: ಸತ್ತಾಗ ಆರಡಿ ಜಾಗ ಬೇಕು, ಅದು ಅಪ್ಪ-ಅಮ್ಮನ ಪಕ್ಕದಲ್ಲೇ ಬೇಕು. ನಗರದಲ್ಲಿ ಹೂಳುವ ಜಾಗಕ್ಕೆ ಎಂಥ ತಾಪತ್ರಯ ಎಂದು ಕಂಡವರು ಊರಿನ ಚಂದಾವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ನವೆಂಬರ್ 2, ಸಕಲ ಮೃತರ ದಿನ, ಇದು ಕಣ್ಣಿಗೆ ಕಾಣುತ್ತದೆ. ಈಸ್ಟರಿಗೂ ಬರದವರು ಅವತ್ತು ಬರುತ್ತಾರೆ. ಮಳೆಗೆ ಬೆಳೆದ ಹುಲ್ಲು ಕಿತ್ತು, ಶಿಲುಬೆಗೆ ಸುಣ್ಣ ಬಳಿದು, ಸೇವಂತಿಗೆ ಇಟ್ಟು, ಗಾಳಿಗೆ ಆರುವ ಬತ್ತಿಯನ್ನು ಮತ್ತೆ ಮತ್ತೆ ಹಚ್ಚುತ್ತಾರೆ. ಹೋದ ವರ್ಷ ಬೆಂಗಳೂರಿನಿಂದ ಬಂದ ಒಬ್ಬ ತರುಣ ನಮ್ಮ ಸಾಲಿನಲ್ಲೇ ಓಡಾಡುತ್ತಿದ್ದ; ಅಜ್ಜನ ಸಮಾಧಿ ಯಾವುದೆಂದು ಮರೆತು, ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಒಂದೊಂದೇ ಕಲ್ಲಿಗೆ ಫೋನು ಹಿಡಿಯುತ್ತಿದ್ದ. “ಅದಲ್ಲ, ಅದರಾಚೆ, ಹಲಸಿನ ಮರದ ಕಡೆ” ಎಂದು ಅಮ್ಮ ಅಲ್ಲಿಂದ ಕೂಗುತ್ತಿದ್ದರು. ಸಿಕ್ಕಿತು. ಪ್ರಾರ್ಥನೆ ಅವನಿಗೆ ಪೂರ್ತಿ ಬರಲಿಲ್ಲ, ಅರ್ಧಕ್ಕೆ ಅಮ್ಮನೇ ಫೋನಿನಲ್ಲಿ ಮುಂದುವರಿಸಿದರು. ಸಂಜೆಯ ಬಸ್ಸಿಗೆ ಹೊರಟವನನ್ನು ಗೇಟಿನಲ್ಲಿ ಚಂದಾ ಎತ್ತುವ ಗುರಿಕಾರರು ತಡೆದು ರಸೀದಿ ಪುಸ್ತಕ ಬಿಚ್ಚಿದರು. ಮೂರು ವರ್ಷದ ಬಾಕಿ. ಹುಡುಗ ಜೇಬು ತಡಕಿ, ಫೋನ್‌ಪೇ ಇದೆಯಾ ಎಂದು ಕೇಳಿದ. ಗುರಿಕಾರರು ಪುಸ್ತಕದ ರಟ್ಟು ತಿರುಗಿಸಿದರು; ಹಿಂದೆ ಕ್ಯೂಆರ್ ಕೋಡು ಅಂಟಿಸಿತ್ತು.